ಮಾವನ ನಂಬರು

ಸಿರುಗುಪ್ಪ
8 ಡಿಸೆಂಬರ್ 2025

ಅವ್ವ,

ಶರಣು. ದಿನಕ್ಕೆರಡು ಸಲ ಫೋನಿನಲ್ಲಿ ಹರಟುವ ಮಗಳು ಖಾಲಿ ರೊಟ್ಟಿ ಡಬ್ಬಿಯಲ್ಲಿ ಕಾಗದ ಇಟ್ಟು ಕಳಿಸಿದ್ದಾಳೆ ಎಂದರೆ ಏನೋ ಕೆಟ್ಟಿದೆ ಎಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಕೆಟ್ಟಿದೆ. ಓದಿ ಒಲೆಗೆ ಹಾಕಿಬಿಡು. ಫೋನಿನಲ್ಲಿ ಈ ಮಾತು ಎತ್ತಲೇಬೇಡ. ಫೋನಿನ ಮೇಲಿನ ನಂಬಿಕೆ ನನಗೆ ಹೋಗಿದೆ.

ಮೊದಲು ಒಳ್ಳೆಯ ಸುದ್ದಿ. ನನಗೆ ಎರಡು ತಿಂಗಳು. ಮೂರು ತುಂಬಿದ ಮೇಲೆ ನಾನೇ ಬಂದು ನಿನ್ನ ಮುಂದೆ ನಿಂತು ಹೇಳಬೇಕೆಂದಿದ್ದೆ. ಇಲ್ಲಿ ನಿನ್ನ ಅಳಿಯ ಅಮರೇಶರನ್ನು ಬಿಟ್ಟರೆ ಯಾರಿಗೂ ತಿಳಿಸಿಲ್ಲ. ಅವರು ಕುಡತಿನಿಯ ಪವರ್ ಸ್ಟೇಷನ್ನಿಗೆ ಸೋಮವಾರ ಹೋದರೆ ಶನಿವಾರ ಬರುತ್ತಾರೆ. ಹಾಗಾಗಿ ನಮ್ಮ ಖುಷಿಯೂ ವಾರಕ್ಕೊಂದು ಸಲ.

ಖುಷಿಯ ಬೆನ್ನಿಗೇ ಹೆದರಿಕೆ ಬಂತು. ಹನ್ನೊಂದು ವರ್ಷದಿಂದ ನುಂಗುತ್ತಿರುವ ಈ ಫಿಟ್ಸ್ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ಏನು ಮಾಡುತ್ತದೆ? ಯಾರನ್ನು ಕೇಳಲಿ? ಇಲ್ಲಿನ ಡಾಕ್ಟರು ಮಾವನ ಗೆಳೆಯರು. ಔಷಧಿ ಅಂಗಡಿಯವನು ಮಾವನ ರೈಸ್ ಮಿಲ್ಲಿನ ಎದುರಿಗೇ ಕೂಡುತ್ತಾನೆ. ನನಗೆ ಮೂರ್ಛೆ ರೋಗವಿದೆ ಎಂದು ನಿನಗೆ, ನನಗೆ, ಬಳ್ಳಾರಿಯ ನರರೋಗದ ಡಾಕ್ಟರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಗಂಡನಿಗೂ ಹೇಳುವುದಿಲ್ಲ ಎಂದು ಮದುವೆಗೆ ಮೊದಲು ನೀನು ನನ್ನಿಂದ ಆಣೆ ಹಾಕಿಸಿಕೊಂಡಿದ್ದೀಯ. ಅದಕ್ಕೇ ಒಂದು ವೆಬ್‌ಸೈಟನ್ನು ಕೇಳಲು ಹೋದೆ. ದಸರೆಯ ಹೊತ್ತಿಗೆ ಕುರುಗೋಡಿನಲ್ಲಿ ಗುಳಿಗೆ ಸಿಗದೆ ನೀನು ನಿನಗೇ ಬೇಕೆಂದು ಶಾಲೆಯ ಮೇಷ್ಟ್ರಿಗೆ ಹೇಳಿ ತರಿಸಿದೆಯಲ್ಲ, ಅದೇ ಮದ್ದಿನ ವೆಬ್‌ಸೈಟು.

ನಮ್ಮ ತಜ್ಞರನ್ನು ಕೇಳಿ, ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ ಎಂದು ಬರೆದಿತ್ತು. ಹೆಸರು ತುಂಬಿದೆ. ವಯಸ್ಸು ಇಪ್ಪತ್ತಾರು ಎಂದೆ. ಎಷ್ಟು ವರ್ಷದಿಂದ ಫಿಟ್ಸ್, ಯಾವ ಗುಳಿಗೆ, ಎಷ್ಟು ತಿಂಗಳು, ಎಲ್ಲವನ್ನೂ ತುಂಬಿದೆ. ಮೊಬೈಲ್ ನಂಬರು ಎಂಬ ಜಾಗದಲ್ಲಿ ಕೈ ತಾನಾಗಿ ಮಾವನ ನಂಬರು ಹೊಡೆಯಿತು. ಈ ಮನೆಯ ಹೆಂಗಸರ ನಂಬರನ್ನು ಎಲ್ಲಿಯೂ ಕೊಡುವ ರೂಢಿಯಿಲ್ಲ, ನಿನಗೆ ಗೊತ್ತಲ್ಲ. ಗ್ಯಾಸಿಗೆ ಮಾವನ ನಂಬರು, ರೇಷನ್ನಿಗೆ ಮಾವನ ನಂಬರು, ನಾದಿನಿ ಐಶ್ವರ್ಯಳ ಬಿ.ಎಡ್. ಪರೀಕ್ಷೆಗೆ, ನನ್ನ ಸೀರೆಯ ರಸೀದಿಗೆ ಕೂಡ ಅದೇ. ನಾಲ್ಕು ವರ್ಷದಲ್ಲಿ ನನ್ನ ನಂಬರು ನನಗೇ ಮರೆತಿದೆ. ಹತ್ತನೆಯ ಅಂಕಿ ಬಿದ್ದ ಮೇಲೆ ಅದು ಯಾರ ನಂಬರೆಂದು ಗೊತ್ತಾಯಿತು. ಒಂದೊಂದೇ ಅಂಕಿ ಅಳಿಸಿದೆ. ಹೆಸರು, ವಯಸ್ಸು, ರೋಗ, ಎಲ್ಲ ಅಳಿಸಿ ಪುಟ ಮುಚ್ಚಿದೆ. 'ಕಳಿಸಿ' ಎಂಬ ಗುಂಡಿಯನ್ನು ನಾನು ಒತ್ತಲಿಲ್ಲ ಅವ್ವ. ನಿನ್ನಾಣೆ ಒತ್ತಲಿಲ್ಲ.

ಮೂರನೆಯ ದಿನ ಮಾವ ಅಂಗಳದಲ್ಲಿ ಕೂತಿದ್ದಾಗ ಅವರ ಫೋನು ಬಡಿಯಿತು. ಅವರಿಗೆ ಕಿವಿ ಮಂದ, ಯಾವ ಫೋನು ಬಂದರೂ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾರೆ. ನಯವಾದ ದನಿಯ ಒಬ್ಬ ಹುಡುಗಿ. ನಿಮ್ಮ ಮನೆಯಲ್ಲಿ ಫಿಟ್ಸ್ ಇರುವವರಿಗೆ ನಮ್ಮಲ್ಲಿ ಕಡಿಮೆ ದರದ ಪ್ಯಾಕೇಜಿದೆ ಸರ್ ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. ಮಾವ ರಾಂಗ್ ನಂಬರ್ ಎಂದು ಇಟ್ಟುಬಿಟ್ಟರು. ಅತ್ತೆ ಮಾತ್ರ ನಮ್ಮೆಲ್ಲರ ಮುಖ ನೋಡಿದರು.

"ನಮ್ಮನ್ಯಾಗ ಯಾರಿಗೈತಿ ಫಿಟ್ಸು?"

ನಾನು ಅಕ್ಕಿ ಕೇರುತ್ತಲೇ ನಿಂತೆ.

ಒತ್ತದ ಗುಂಡಿಯಿಂದ ಆ ಫೋನು ಹೇಗೆ ಬಂತು? ಅಳಿಸಿದ್ದನ್ನು ಯಾರು ಓದಿದರು? ಅವತ್ತು ಹೆಗಲ ಹಿಂದೆ ಯಾರೋ ನಿಂತಿದ್ದರು ಎನ್ನಿಸಿ ಈಗಲೂ ಒಬ್ಬಳೇ ಇದ್ದಾಗ ತಿರುಗಿ ನೋಡುತ್ತೇನೆ. ಗುಳಿಗೆಯನ್ನು ಎಂದಿನಂತೆ ಸಜ್ಜೆ ರೊಟ್ಟಿಯ ನಡುವೆ ಇಡು. ತವರಿನ ಬುತ್ತಿಯನ್ನು ಸೊಸೆಯೇ ಬಿಚ್ಚಬೇಕೆಂಬ ರೀತಿ ಈ ಮನೆಯಲ್ಲಿರುವುದು ನನ್ನ ಪುಣ್ಯ. ಡಬ್ಬಿ ತರುವ ಕಂಡಕ್ಟರ್ ಹುಲುಗೇಶಣ್ಣನಿಗೆ ಕಾಗದದ ಸುಳಿವು ಕೊಡಬೇಡ.

ನಿನ್ನ
ಗಂಗೋತ್ರಿ


ಕುರುಗೋಡು
12 ಡಿಸೆಂಬರ್ 2025

ಗಂಗೋತ್ರಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಓದಿದ ದಿನ ಶಾಲೆಯ ಬಿಸಿಯೂಟದ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಕ್ಕಳು ಮುಖ ಕಿವುಚಿಕೊಂಡು ಉಂಡವು. ಹೆಡ್ಮೇಷ್ಟ್ರು ಜಂಬಮ್ಮನಿಗೆ ವಯಸ್ಸಾಯಿತು ಎಂದು ನಕ್ಕರು. ವಯಸ್ಸಲ್ಲ, ನಿನ್ನ ಕಾಗದ.

ನಾನು ಅಜ್ಜಿಯಾಗುವ ಸಾಲನ್ನು ಮೂರು ಸಲ ಓದಿದೆ. ಆಮೇಲೆ ಉಳಿದದ್ದನ್ನು ಓದಿ, ಖುಷಿಪಡಲೂ ಬಿಡಲಿಲ್ಲವಲ್ಲ ಎಂದು ಸಿಟ್ಟು ಬಂತು. ಒತ್ತದೆ ಹೇಗೆ ಹೋಗುತ್ತದೆ? ಅಂಚೆ ಡಬ್ಬಿಗೆ ಹಾಕದ ಕಾಗದ ಊರು ಸೇರಿದ್ದನ್ನು ಎಲ್ಲಾದರೂ ಕಂಡಿದ್ದೀಯಾ? ಗಾಬರಿಯಲ್ಲಿ ಬೆರಳು ತಾಗಿರುತ್ತದೆ. ಒತ್ತಿರುತ್ತೀ. ನನ್ನ ಮುಂದಾದರೂ ಒಪ್ಪಿಕೋ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಸಾವಿರ ಹೇಳಲಿಲ್ಲ, ಒಂದೇ ಹೇಳಿದೆ. ಆ ಒಂದನ್ನು ಕಾಪಾಡುವುದು ನಿನ್ನ ಪಾಲಿಗೆ ಬಂದಿದೆ. ಬಾಯಿ ಬಿಗಿ ಹಿಡಿ. ಇನ್ನೆರಡು ಸಲ ಫೋನು ಬರುತ್ತದೆ, ಮಾವ ಎರಡು ಸಲ ಬೈಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಏನೇ ಆದರೂ ಗುಳಿಗೆ ತಪ್ಪಿಸಬೇಡ. ನನ್ನ ತಂಗಿ, ನಿನ್ನ ಸಣ್ಣವ್ವ ಊರಮ್ಮನನ್ನು ನೆನೆ. ಅವಳ ವಿಷಯ ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಕೂಸಿನ ಸುದ್ದಿಯಿದ್ದ ಕಾಗದ ಸುಡಲು ಕೈ ಬರಲಿಲ್ಲ. ಉಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ನಿನ್ನ ಅವ್ವ
ಜಂಬಮ್ಮ


ಸಿರುಗುಪ್ಪ
5 ಜನವರಿ 2026

ಅವ್ವ,

ಶರಣು. ಎರಡು ಸಲಕ್ಕೆ ಮುಗಿಯಲಿಲ್ಲ. ಇಲ್ಲಿಯವರೆಗೆ ಐದು ಫೋನು ಬಂದಿವೆ, ಐದೂ ಬೇರೆ ಬೇರೆ ಕಡೆಯವರು. ಒಬ್ಬರು ಇನ್ಷೂರೆನ್ಸಿನವರು, ಒಬ್ಬರು ಬೇರು-ನಾರಿನ ಔಷಧದವರು, ಮತ್ತೊಬ್ಬರು ತಲೆಗೆ ಕಟ್ಟುವ ಯಾವುದೋ ಯಂತ್ರ ಮಾರುವವರು. ಒಬ್ಬರಿಗೆ ಗೊತ್ತಾದದ್ದು ಐವರಿಗೆ ಹೇಗೆ ಗೊತ್ತಾಯಿತು? ಹೋದ ಶನಿವಾರ ಅಮರೇಶ್ ತಮ್ಮ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ ನಡುವೆ ಫಿಟ್ಸ್ ಗುಳಿಗೆಯ ಜಾಹೀರಾತು ಬಂತು. ನಮ್ಮ ಮನೆಯವರದೆಲ್ಲ ಒಂದೇ ವೈಫೈ. ಅವರು ಬೆರಳಿನಿಂದ ಸರಿಸಿ ಮತ್ತೆ ಆಟ ನೋಡಿದರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಇದು ನನ್ನ ಪಾಡು. ಇದಕ್ಕಿಂತ ಕೆಟ್ಟದ್ದನ್ನು ಈಗ ಬರೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ.

ಹೋದ ಶಿವರಾತ್ರಿಯ ಉಪವಾಸದಲ್ಲಿ ಐಶ್ವರ್ಯ ಗುಡಿಯ ಮೆಟ್ಟಿಲಲ್ಲಿ ತಲೆ ಸುತ್ತಿ ಬಿದ್ದಿದ್ದಳು, ನೆನಪಿದೆಯಾ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಅತ್ತೆ ಅದನ್ನೂ ಇದನ್ನೂ ಕೂಡಿಸಿದ್ದಾರೆ. ಬಳ್ಳಾರಿಯ ಬಿ.ಎಡ್. ಕಾಲೇಜಿಗೆ ಹೋಗುವವಳು ಅವಳು, ಫಾರಮ್ಮುಗಳಿಗೆ ಮಾವನ ನಂಬರು ಕೊಡುವವಳು ಅವಳು, ಗುಟ್ಟಾಗಿ ಡಾಕ್ಟರಿಗೆ ತೋರಿಸಿಕೊಂಡಿದ್ದಾಳೆ ಎಂದು ತೀರ್ಮಾನವಾಗಿದೆ. ಅವಳು ಅತ್ತಷ್ಟೂ ಅತ್ತೆಯ ಅನುಮಾನ ಗಟ್ಟಿಯಾಗುತ್ತದೆ. ಫಿಟ್ಸಿಗೆ ಕಬ್ಬಿಣ ಮೈಗೆ ತಾಗಿರಬೇಕಂತೆ. ಕುಲುಮೆಯಿಂದ ಕಬ್ಬಿಣದ ಕಡಗ ಮಾಡಿಸಿ ತಂದು ಅವಳ ಕೈಗೆ ಹಾಕಿದರು. ಎಮ್ಮೆಗೆ ಹಗ್ಗ ಕಟ್ಟುವ ಹಾಗೆ ಹಿಡಿದು ಹಾಕಿದರು. ಸಿರಿಗೇರಿಯಿಂದ ಅವಳಿಗೆ ಸಂಬಂಧ ಬಂದಿದೆ. ಕಡಗ ಏಕೆ ಎಂದು ಅವರು ಕೇಳಿದರೆ ಏನು ಹೇಳುವುದೆಂದು ಈಗ ಮನೆಯಲ್ಲಿ ಪಿಸುಪಿಸು ನಡೆದಿದೆ.

ಅವ್ವ, ಆ ಹುಡುಗಿ ನನ್ನ ಕೋಣೆಗೇ ಬಂದು, ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. "ನೀವಾರ ಹೇಳ್ರಿ ಅತ್ತಿಗಿ, ನನಗೇನೂ ಇಲ್ಲಂತ" ಎಂದಳು. ಅವಳ ತಲೆ ಸವರಿದೆ. ಸವರುವಾಗ ನನ್ನ ಗುಳಿಗೆಯ ಪೊಟ್ಟಣ ನನ್ನ ಬ್ಲೌಸಿನೊಳಗೇ ಇತ್ತು.

ಇನ್ನೊಂದು ಮಾತಿಗೆ ಬೈಯಬೇಡ. ಹತ್ತು ದಿನದಿಂದ ಗುಳಿಗೆಯನ್ನು ಅರ್ಧ ಮುರಿದು ನುಂಗುತ್ತಿದ್ದೇನೆ. ಪೂರ್ತಿ ನುಂಗಿದರೆ ಕೂಸಿಗೆ ಏನಾಗುತ್ತದೋ ಎಂಬ ಭಯ. ಮುಂಜಾನೆ ಹಲ್ಲುಜ್ಜುವಾಗ ಎರಡು ಸಲ ಕೈ ತಾನಾಗಿ ಜಿಗಿಯಿತು. ಬ್ರಷ್ ಹೋಗಿ ಗೋಡೆಗೆ ಬಡಿಯಿತು.

ನೀನು ನಂಬು, ಬಿಡು. ನಾನು ಒತ್ತಿರಲಿಲ್ಲ.

ನಿನ್ನ
ಗಂಗೋತ್ರಿ


ಕುರುಗೋಡು
10 ಜನವರಿ 2026

ಗಂಗೋತ್ರಿಗೆ ಅವ್ವನ ಆಶೀರ್ವಾದ.

ಮೊದಲು ಇದನ್ನು ಓದು. ಈ ಡಬ್ಬಿ ಕೈಗೆ ಬಂದ ದಿನದಿಂದಲೇ ಗುಳಿಗೆ ಪೂರ್ತಿ ನುಂಗು. ನಾನು ಬಳ್ಳಾರಿಗೆ ಹೋಗಿ ನಿನ್ನ ಡಾಕ್ಟರನ್ನು ಕಂಡೆ. ಅರ್ಧ ಮಾಡಲು ಅವಳಿಗೆ ಯಾರು ಹೇಳಿದರು ಎಂದು ನನ್ನ ಮೇಲೆ ಹರಿಹಾಯ್ದರು. ಬಸುರಿನಲ್ಲಿ ಕೆಲವು ಗುಳಿಗೆ ಬದಲಿಸಬೇಕಾಗುತ್ತದಂತೆ, ಆದರೆ ಅದನ್ನು ಅವರೇ ನೋಡಿ ಮಾಡಬೇಕು. ತಾನಾಗಿ ಬಿಟ್ಟರೆ ತಾಯಿಗೂ ಕೂಸಿಗೂ ಅಪಾಯ. ಸಂಕ್ರಾಂತಿಗೆ ಕರೆಯಲು ನಾನೇ ಬರುತ್ತೇನೆ. ಮಗಳನ್ನು ಹಬ್ಬಕ್ಕೆ ಕರೆದೊಯ್ಯುವ ತಾಯಿಯನ್ನು ಯಾವ ಅತ್ತೆಯೂ ತಡೆಯುವುದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಲು ಮನಸ್ಸಾಗಲಿಲ್ಲ. ನಮ್ಮ ಶಾಲೆಯಲ್ಲಿ ನನ್ನ ಕೈಯ ಅನ್ನ ಉಂಡ ಹುಡುಗಿ ದುರ್ಗಾದೇವಿ ಈಗ ಅಲ್ಲಿ ವಕೀಲಳು. ಹೆದರಿಕೆ ಹೊತ್ತುಕೊಂಡು ಅವಳ ಕಚೇರಿಗೆ ಹೋದೆ. ಹೆಸರು ಹೇಳಬಾರದು ಎಂದೇ ಹೋಗಿದ್ದೆ. ಅವಳು ಚಹಾ ತರಿಸಿ ಎದುರಿಗೆ ಕೂತಳು, ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಒತ್ತದೆ ಹೋಗುವುದಿಲ್ಲ ಎಂದು ಅವಳಿಗೂ ಹೇಳಿದೆ. ಅವಳು ನಗಲಿಲ್ಲ. ಟೈಪು ಮಾಡುವ ವಾಲ್ಮೀಕಿ ಎಂಬವನನ್ನು ಕರೆದು ಕಂಪ್ಯೂಟರಿನಲ್ಲಿ ಆ ವೆಬ್‌ಸೈಟನ್ನೇ ತೆಗೆಸಿದಳು. ಅವನು ಪರದೆಯ ಕೆಳಗೆ ಇನ್ನೊಂದು ಪರದೆ ಬಿಚ್ಚಿದ. ಏನಾದರೂ ಬರೆಯಿರಿ ಅಮ್ಮ ಎಂದ. ನಾನು ಒಂದು ಬೆರಳಿನಿಂದ ನನ್ನ ಹೆಸರನ್ನು ಒತ್ತುತ್ತಾ ಹೋದೆ. ನಾನು ಒಂದು ಅಕ್ಷರ ಒತ್ತಿದರೆ ಕೆಳಗೆ ಒಂದು ಸಾಲು ಓಡುತ್ತಿತ್ತು. ಬೇರೆ ಬೇರೆ ಕಂಪನಿಯ ಹೆಸರಿನ ಸಾಲುಗಳು. 'ಕಳಿಸಿ' ಗುಂಡಿ ಅಲ್ಲೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಹೆಸರನ್ನು ಅಳಿಸಿದೆ. ಮೇಲೆ ಅಳಿಸಿಹೋಯಿತು. ಕೆಳಗೆ ಹಾಗೇ ಉಳಿದಿತ್ತು.

ಮಗಳೇ, ನೀನು ಒತ್ತಿರಲಿಲ್ಲ. ನಿನ್ನ ಮಾತು ನಂಬದೆ ಬೈದೆ. ತಪ್ಪಾಯಿತು.

ದುರ್ಗಾದೇವಿ ಹೇಳಿದ್ದು ನನಗೆ ತಿಳಿದಷ್ಟು ಬರೆಯುತ್ತೇನೆ. ಜನರ ಮಾಹಿತಿ ಕಾಪಾಡಲು ಹೊಸ ಕಾನೂನು ಬಂದಿದೆ, ಆದರೆ ಅದಕ್ಕೆ ಪೂರ್ತಿ ಹಲ್ಲು ಮೂಡಲು ಇನ್ನೂ ವರ್ಷದ ಮೇಲೆ ಬೇಕಂತೆ. ಅಲ್ಲಿಯವರೆಗೆ ಗ್ರಾಹಕರ ಕಾನೂನಿದೆ. ನಂಬಿ ಹೇಳಿದ ಗುಟ್ಟನ್ನು ವ್ಯಾಪಾರದವನು ಇನ್ನೊಬ್ಬನಿಗೆ ದಾಟಿಸಿದರೆ ಅದು ತಪ್ಪು. ದಸರೆಯ ಗುಳಿಗೆಯ ರಸೀದಿ ಇದೆಯಾ ಎಂದಳು. ಇದೆ ಎಂದೆ. ಕೊಂಡವಳು ನಾನು, ನುಂಗಿದವಳು ನೀನು. ಇಬ್ಬರೂ ಗ್ರಾಹಕರೇ ಅಂತೆ. ಬೇರೆ ಊರಿಗೆ ಅಲೆಯಬೇಕಿಲ್ಲ, ಬಳ್ಳಾರಿಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು ನಿಮ್ಮಲ್ಲಿ ನನ್ನದೇನಿದೆ, ಯಾರಿಗೆ ಕೊಟ್ಟಿರಿ, ಅದನ್ನೆಲ್ಲ ಅಳಿಸಿ ಎಂದು ನೋಟಿಸು ಕಳಿಸುತ್ತಾಳೆ. ನೀನು ಬರೆದ ಮೊದಲ ಕಾಗದವನ್ನು ಸುಡದಿದ್ದದ್ದು ಒಳ್ಳೆಯದಾಯಿತು ಎಂದಳು. ತಾರೀಖಿನ ಸಮೇತ ಅದು ಸಾಕ್ಷಿಯಂತೆ.

ನಾನು ಒಂದೇ ಕೇಳಿದೆ. ದೂರು ಕೊಟ್ಟರೆ ಹೆಸರು ಹೊರಗೆ ಬರುತ್ತದೆಯೇ? ಅವಳು ಸುಳ್ಳು ಹೇಳಲಿಲ್ಲ. ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ ಎಂದಳು. ಗುಟ್ಟಾಗಿಡಿ ಎಂದು ಅರ್ಜಿ ಕೊಡಬಹುದು, ಒಪ್ಪುವುದು ಬಿಡುವುದು ಅವರ ಕೈಯಲ್ಲಿದೆ.

ನೋಟಿಸಿನವರೆಗೆ ಸಾಕು ಎಂದು ಹೇಳಿ ಬಂದಿದ್ದೇನೆ.

ನಿನ್ನ ಅವ್ವ
ಜಂಬಮ್ಮ


ಸಿರುಗುಪ್ಪ
24 ಫೆಬ್ರವರಿ 2026

ಅವ್ವ,

ಶರಣು. ಸಂಕ್ರಾಂತಿಗೆ ಡಾಕ್ಟರು ಬದಲಿಸಿ ಕೊಟ್ಟ ಹೊಸ ಗುಳಿಗೆ ಒಗ್ಗಿದೆ. ಕೈ ಜಿಗಿಯುವುದು ನಿಂತಿದೆ. ಬಸುರಿನ ಸುದ್ದಿ ತಿಳಿದ ಮೇಲೆ ಅತ್ತೆ ನನಗೆ ದಿನಾ ಹಾಲಿಗೆ ಕೇಸರಿ ಹಾಕಿ ಕೊಡುತ್ತಾರೆ. ಲೋಟ ಹಿಡಿದಾಗಲೆಲ್ಲ ನನಗೆ ಕಳ್ಳಿಯ ಹಾಗೆ ಅನ್ನಿಸುತ್ತದೆ. ಈ ಹಾಲು ಅವರು ಕಂಡ ಗಂಗೋತ್ರಿಗೆ, ನನಗಲ್ಲ.

ದುರ್ಗಾದೇವಿಯವರ ನೋಟಿಸಿಗೆ ಕಂಪನಿಯಿಂದ ಉತ್ತರ ಬಂದಿದೆ. ಪುಟ ತೆರೆದದ್ದೇ ನಿಮ್ಮ ಒಪ್ಪಿಗೆ ಎಂದು ಬರೆದಿದ್ದಾರೆ. ನಿಮ್ಮ ಮಾಹಿತಿ ನೋಡಬೇಕಾದರೆ, ಅಳಿಸಬೇಕಾದರೆ, ನೀವು ನೀವೇ ಎಂದು ಖಾತ್ರಿ ಮಾಡಿರಿ, ನಮ್ಮಲ್ಲಿ ದಾಖಲಾದ ಮೊಬೈಲಿಗೆ ಓಟಿಪಿ ಬರುತ್ತದೆ, ಎಂದಿದ್ದಾರೆ.

ತಿಳಿಯಿತೇ ಅವ್ವ? ನನ್ನ ಗುಟ್ಟು ನನಗೆ ವಾಪಸು ಬೇಕೆಂದರೆ ಮಾವನ ಫೋನಿಗೆ ಬರುವ ಸಂಖ್ಯೆ ಬೇಕು.

ಅದು ನನ್ನ ಕಕ್ಷಿದಾರಳ ನಂಬರಲ್ಲ ಎಂದು ದುರ್ಗಾದೇವಿ ತಿರುಗಿ ಬರೆದರು. ನಮ್ಮಲ್ಲಿರುವುದು ಅದೊಂದೇ ಎಂದು ಅದೇ ಉತ್ತರ. ಓಟಿಪಿ ತರಿಸಲು ಅವರು ಕೊಟ್ಟ ಕೊಂಡಿ, ಲಿಂಕು ಎನ್ನುತ್ತಾರಲ್ಲ ಅದು, ಮಾರ್ಚ್ ಎರಡರವರೆಗೆ ಮಾತ್ರ. ವಕೀಲರು ಅದನ್ನು ನನ್ನ ಫೋನಿಗೆ ದಾಟಿಸಿದ್ದಾರೆ. ವಕೀಲರಿಗೆ ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಹುರುಪು. ನೀನು ಅಳಿಸಿದ ನಂಬರಿಗೇ ಓಟಿಪಿ ಬಂದರೆ, ಅಳಿಸಿದ್ದನ್ನು ಅವರು ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದರು. ಅವರ ಹುರುಪು ನನಗೆ ಹತ್ತಲಿಲ್ಲ.

ಮಾವ ಫೋನನ್ನು ಬನಿಯನ್ನಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಓಟಿಪಿ ಬಂದರೆ ಯಾರದು ಎಂದು ಕೇಳುವುದಿಲ್ಲ, ಅಂಗಳದ ನಡುವೆ ನಿಂತು ಪೂರ್ತಿ ಮೆಸೇಜನ್ನು ಗಟ್ಟಿಯಾಗಿ ಓದುತ್ತಾರೆ. ಬೇಕಾದವರು ಬರೆದುಕೊಳ್ಳಬೇಕು. ಗ್ಯಾಸಿನ ಓಟಿಪಿ ಆಚೆಮನೆಯವರಿಗೂ ಬಾಯಿಪಾಠ.

ಕದಿಯಲು ನೋಡಿದೆ. ಹೌದು, ಆ ಮಟ್ಟಕ್ಕೂ ಇಳಿದೆ. ಅವರು ಸ್ನಾನಕ್ಕೆ ಹೋದಾಗ ಗೂಟಕ್ಕೆ ಹಾಕಿದ್ದ ಬನಿಯನ್ನಿಗೆ ಕೈ ಹಾಕಿದೆ. ಫೋನು ಕೈಗೆ ಬರುವಷ್ಟರಲ್ಲಿ ಅದೇ ಬಡಿಯಿತು. ಅಲ್ಲೇ ಬಿಟ್ಟು ಓಡಿದೆ. ನಿನ್ನೆ ಮತ್ತೆ ಹೋದಾಗ ಬಾಗಿಲಲ್ಲಿ ಐಶ್ವರ್ಯ ನಿಂತಿದ್ದಳು. ಕಡಗವನ್ನು ತಿರುಗಿಸುತ್ತ ನನ್ನ ಕೈಯನ್ನೇ ನೋಡಿದಳು.

ಈ ಶಿವರಾತ್ರಿಗೆ ಅವಳಿಗೆ ಉಪವಾಸ ಮಾಡಲೂ ಬಿಡಲಿಲ್ಲ. ಗುಡಿಗೂ ಕರೆದೊಯ್ಯಲಿಲ್ಲ. ಸಿರಿಗೇರಿಯವರು ಭಾನುವಾರ ಒಂದು ಮಾತು ಹೇಳುತ್ತಾರಂತೆ.

ನನಗೆ ಆರು ದಿನ ಉಳಿದಿವೆ. ಏನು ಮಾಡಲಿ ಹೇಳು. ಬೇಗ ಹೇಳು.

ನಿನ್ನ
ಗಂಗೋತ್ರಿ


ಕುರುಗೋಡು
26 ಫೆಬ್ರವರಿ 2026

ಗಂಗೋತ್ರಿ,

ಬೇಡ. ಕೇಳಬೇಡ. ಹೇಳಬೇಡ. ಆ ಕಂಪನಿಯವರು ಏನಾದರೂ ಇಟ್ಟುಕೊಂಡು ಸಾಯಲಿ. ಐಶ್ವರ್ಯಳಿಗೆ ಇನ್ನೊಂದು ಸಂಬಂಧ ಬರುತ್ತದೆ. ನಿನಗೆ ಇನ್ನೊಂದು ಮನೆ ಬರುವುದಿಲ್ಲ.

ನಿನ್ನ ಸಣ್ಣವ್ವನ ವಿಷಯ ಇಷ್ಟು ವರ್ಷ ನಿನಗೆ ಅರ್ಧ ಹೇಳಿದ್ದೇನೆ. ಊರಮ್ಮ ತನಗೆ ಫಿಟ್ಸ್ ಇದೆಯೆಂದು ಗಂಡನಿಗೆ ಹೇಳಿದ್ದಳು. ಅವನು ಪ್ರೀತಿಯಿಂದ ಕೇಳಿದ, ಅವಳು ನಂಬಿ ಹೇಳಿದಳು. ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ಅವಳನ್ನೂ ಅವಳ ಟ್ರಂಕನ್ನೂ ಕುರುಗೋಡಿನಲ್ಲಿ ಇಳಿಸಿ ಹೋದರು. ಎಂಟು ತಿಂಗಳು ಈ ಮನೆಯಲ್ಲಿ ಮಾತಿಲ್ಲದೆ ಇದ್ದಳು. ಆಮೇಲೆ ಒಂದು ದಿನ ಬಟ್ಟೆ ಒಗೆಯಲು ಕಾಲುವೆಗೆ ಹೋದವಳು ಬರಲಿಲ್ಲ. ಫಿಟ್ಸ್ ಬಂದು ಬಿದ್ದಳು ಎಂದು ಊರು ಹೇಳಿತು. ನಾನೂ ಹಾಗೇ ಹೇಳಿದೆ. ಆದರೆ ಒಗೆದ ಬಟ್ಟೆ ಹಿಂಡಿ, ಮಡಿಸಿ, ಕಲ್ಲಿನ ಮೇಲೆ ಇಟ್ಟಿತ್ತು ಮಗಳೇ. ಅದನ್ನು ಮನೆಗೆ ಹೊತ್ತು ತಂದವಳು ನಾನು.

ನಿನ್ನಿಂದ ಆಣೆ ಹಾಕಿಸಿಕೊಂಡದ್ದು ಅದಕ್ಕೆ. ನನ್ನ ಮಾತು ಕೇಳು.

ಅವ್ವ


ಬಳ್ಳಾರಿ
24 ಮಾರ್ಚ್ 2026

ಅವ್ವ,

ಶರಣು. ಇದನ್ನು ದುರ್ಗಾದೇವಿಯವರ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೋಟಿಸಿನವರೆಗೆ ಸಾಕು ಎಂದಿದ್ದ ನೀನು, ಆದದ್ದು ವಕೀಲರಿಂದ ತಿಳಿದು, ಹೋದ ವಾರ ಇಲ್ಲಿಗೆ ಬಂದು ದೂರಿಗೆ ಸಹಿ ಹಾಕಿ, ನನ್ನ ಜೊತೆ ಫೋನಿನಲ್ಲಿ ಮಾತಾಡದೆ ಊರಿಗೆ ಹೋದೆಯಂತೆ. ನಿನ್ನ ಸಿಟ್ಟು ನನಗೆ ಗೊತ್ತಿದೆ. ಅವತ್ತು ಏನಾಯಿತು ಎಂದು ನಾನೇ ನಿನಗೆ ಬರೆದು ತಿಳಿಸಬೇಕು.

ಕೇಳಬೇಡ ಎಂಬ ನಿನ್ನ ಕಾಗದ ಮಾರ್ಚ್ ಮೂರರ ಮಂಗಳವಾರ ಬಂತು. ಹುಲುಗೇಶಣ್ಣ ರಜೆಯಲ್ಲಿದ್ದನಂತೆ. ನಾನು ಸೋಮವಾರವೇ ಕೇಳಿಬಿಟ್ಟಿದ್ದೆ. ಮೊದಲೇ ಓದಿದ್ದರೆ ಕೇಳುತ್ತಿರಲಿಲ್ಲವೇನೋ.

ಭಾನುವಾರ ಸಿರಿಗೇರಿಯವರು ಬೇಡ ಎಂದು ಹೇಳಿ ಕಳಿಸಿದರು. ಐಶ್ವರ್ಯ ಉಣ್ಣಲಿಲ್ಲ. ಸೋಮವಾರ ಮುಂಜಾನೆ ಅಮರೇಶ್ ಕುಡತಿನಿಗೆ ಹೋದ ಮೇಲೂ ಅವಳ ತಟ್ಟೆ ಮುಚ್ಚಿಟ್ಟದ್ದು ಮುಚ್ಚಿಟ್ಟಂತೆಯೇ ಇತ್ತು. ಅದನ್ನು ತೊಳೆಯಲು ಎತ್ತಿದೆ. ಯಾಕೋ ತೊಳೆಯಲು ಆಗಲಿಲ್ಲ. ಕೈ ಒರೆಸಿಕೊಂಡು ಕೊಂಡಿಯನ್ನು ಒತ್ತಿ, ಅಂಗಳಕ್ಕೆ ಹೋಗಿ ಮಾವನ ಮುಂದೆ ನಿಂತೆ.

"ಮಾವಾರ, ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತೈತಿ. ಅದು ನಂದು."

ಅವರು ಎಂದಿನಂತೆ ಕನ್ನಡಕ ಹಾಕಿಕೊಂಡು ಎದ್ದು ನಿಂತರು. ಮೊದಲು ಆರು ಅಂಕಿ ಓದಿದರು. ನಾನು ಅಂಗೈಮೇಲೆ ಬರೆದುಕೊಂಡೆ. ಆಮೇಲೆ ಉಳಿದದ್ದನ್ನು ಓದಿದರು. ಗಂಗೋತ್ರಿ ಅವರೇ, ಮೂರ್ಛೆ ರೋಗ ಮತ್ತು ಗರ್ಭಿಣಿ ವಿಭಾಗದಲ್ಲಿರುವ ನಿಮ್ಮ ಮಾಹಿತಿ ನೋಡಲು ಈ ಸಂಖ್ಯೆ ಬಳಸಿರಿ. ನನ್ನ ಹೆಸರು ಬಂದಾಗಲೂ ಅವರ ದನಿ ತಗ್ಗಲಿಲ್ಲ, ಓದಿ ಮುಗಿಸಿದ ಮೇಲೆ ತಗ್ಗಿತು. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ತಮಗಷ್ಟೇ ಕೇಳುವಂತೆ ಇನ್ನೊಮ್ಮೆ ಓದಿದರು.

ಅತ್ತೆಯ ಕೈಯಲ್ಲಿ ನನ್ನ ಹಾಲಿನ ಲೋಟವಿತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದರು. ಮಾವ ಫೋನನ್ನು ಒಳಜೇಬಿಗೆ ಹಾಕಿಕೊಂಡು, "ಹಂಗಾರ ರಾಂಗ್ ನಂಬರ್ ಆಗಿರಲಿಲ್ಲ ಅದು" ಎಂದರು. ಅಷ್ಟೇ ಅಂದದ್ದು. ಇವತ್ತಿಗೂ ಅಷ್ಟೇ.

ಐಶ್ವರ್ಯ ಬಂದು ನನ್ನೆದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕಡಗವನ್ನು ಕೈಯಿಂದ ಕಿತ್ತು ಹಾಲಿನ ಲೋಟದ ಪಕ್ಕ ಇಟ್ಟಳು.

"ಇದು ನಿಮ್ದು, ಅತ್ತಿಗಿ."

ಕಡಗ ಉಜ್ಜಿ ಅವಳ ಮಣಿಕಟ್ಟು ಕಪ್ಪಾಗಿತ್ತು.

ಓಟಿಪಿ ಹಾಕಿದ ಮೇಲೆ ಕಂಪನಿಯ ಕಡತ ತೆರೆಯಿತು. ನಾನು ಬರೆದದ್ದು, ಅಳಿಸಿದ್ದು, ಯಾವ ಅಂಕಿಯನ್ನು ಯಾವ ಕ್ಷಣಕ್ಕೆ ಅಳಿಸಿದೆ ಎಂಬುದು ಕೂಡ ಅದರಲ್ಲಿತ್ತು. ಹನ್ನೊಂದು ಕಂಪನಿಗಳಿಗೆ ದಾಟಿಸಿದ್ದಾರೆ. ತಮ್ಮಲ್ಲಿದ್ದದ್ದನ್ನು ಅಳಿಸಿದ್ದೇವೆ ಎಂದು ಬರೆದಿದ್ದಾರೆ. ಆ ಹನ್ನೊಂದು ಜನರ ಮಾತು ಅವರಿಗೆ ಸಂಬಂಧವಿಲ್ಲವಂತೆ. ಅದಕ್ಕೇ ದೂರು ಕೊಡುತ್ತಿದ್ದೇವೆ.

ಮನೆಯಲ್ಲಿ ನನ್ನನ್ನು ಹೊರಗೆ ಹಾಕಿಲ್ಲ. ಒಳಗೆ ಇಟ್ಟುಕೊಂಡಿದ್ದಾರೆ ಎಂದೂ ಹೇಳಲಾರೆ. ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಬಿದ್ದುಬಿಟ್ಟೀಯ ಎಂಬ ಕಾಳಜಿಯೋ, ಮುಟ್ಟಬೇಡ ಎಂಬ ಹೇಸಿಗೆಯೋ, ಅವರ ಮುಖ ನೋಡಿದರೆ ತಿಳಿಯುವುದಿಲ್ಲ. ಅಮರೇಶ್ ಒಂದು ಶನಿವಾರ ಬರಲೇ ಇಲ್ಲ. ಮುಂದಿನ ಶನಿವಾರ ಬಂದು, ಉಂಡು, ಗೋಡೆಯ ಕಡೆ ತಿರುಗಿ ಮಲಗಿದರು. ಸೋಮವಾರ ಚಪ್ಪಲಿ ಮೆಟ್ಟುವಾಗ, ಗುಳಿಗೆಯನ್ನು ಎಷ್ಟೊತ್ತಿಗೆ ತಗೊಳ್ಳುತ್ತೀ ಎಂದು ಕೇಳಿದರು. ಮುಂಜಾನೆ ಎಂಟಕ್ಕೆ ಎಂದೆ. ಅವತ್ತಿನಿಂದ ದಿನಾ ಎಂಟಕ್ಕೆ ನನ್ನ ಫೋನಿಗೆ ಅವರ ಮಿಸ್ಡ್ ಕಾಲ್ ಬರುತ್ತದೆ. ಒಂದೇ ಸಲ ಬಡಿದು ನಿಲ್ಲುತ್ತದೆ. ಅದು ನೆನಪಿಸುವುದಕ್ಕೋ, ಕಾವಲಿಗೋ, ನನಗೆ ಗೊತ್ತಿಲ್ಲ. ಎತ್ತಲು ಹೋಗುವುದಿಲ್ಲ. ಗುಳಿಗೆ ನುಂಗುತ್ತೇನೆ.

ಸಣ್ಣವ್ವ ಮಡಿಸಿಟ್ಟ ಬಟ್ಟೆಯ ಮಾತು ಓದಿದ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ನೀನು ಅದನ್ನು ಇಷ್ಟು ವರ್ಷ ಒಬ್ಬಳೇ ಹೊತ್ತೆ. ನನಗೂ ಭಯವಿದೆ ಅವ್ವ. ಕೂಸು ಒದ್ದಾಗಲೂ ಭಯವಾಗುತ್ತದೆ. ಆದರೆ ನಾನು ಕಾಲುವೆಯ ಕಡೆಗೆ ಹೋಗುವುದಿಲ್ಲ. ಇದು ನಿನಗೆ ನಾನು ಹಾಕುವ ಆಣೆ, ನೀನು ಹಾಕಿಸಿಕೊಂಡದ್ದಲ್ಲ.

ಇನ್ನು ಗುಳಿಗೆಯನ್ನು ರೊಟ್ಟಿಯೊಳಗೆ ಕಳಿಸಬೇಡ. ರೊಟ್ಟಿ ಮಾತ್ರ ಕಳಿಸು, ಐಶ್ವರ್ಯಳಿಗೆ ನಾಲ್ಕು ಹೆಚ್ಚಿಗೆ ಕಳಿಸು. ಅವಳು ಮುಟ್ಟುವುದಿಲ್ಲ. ಆದರೂ ಕಳಿಸು.

ವಾಲ್ಮೀಕಿ ಈಗ ದೂರಿನ ಪ್ರತಿಯನ್ನು ತಂದು ಮುಂದೆ ಇಟ್ಟಿದ್ದಾನೆ. ನಿನ್ನ ವಂಕಿವಂಕಿ ಸಹಿಯ ಕೆಳಗೆ ನನ್ನ ಜಾಗ ಖಾಲಿಯಿದೆ. ಹೆಸರು ಬರೆದೆ, ವಿಳಾಸ ಬರೆದೆ. ಮೊಬೈಲ್ ಸಂಖ್ಯೆ ಎಂಬಲ್ಲಿ ಕೈ ಮತ್ತೆ ಮಾವನ ನಂಬರಿನ ಮೊದಲ ಎರಡು ಅಂಕಿ ಬರೆಯಿತು. ಹೊಡೆದುಹಾಕಿದೆ. ನನ್ನ ಫೋನು ತೆಗೆದು, ನೋಡಿಕೊಂಡು, ನನ್ನ ನಂಬರು ಬರೆದೆ.

ಗಂಗೋತ್ರಿ